ಕಲಬುರಗಿಯ ಬಿಸಿಲಿಗೆ ಯಾವ ಬಲ್ಬು: ಎಲ್‌ಇಡಿಯೋ, ಸಿಎಫ್‌ಎಲ್ಲೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಈಗ ಸಿಎಫ್‌ಎಲ್ (ಬಾಗಿದ ಕೊಳವೆಯ ಬಲ್ಬು) ಕೇಳಿದರೆ, "ಆ ಮಾಲ್ ಈಗ ಬರಂಗಿಲ್ಲರಿ, ಎಲ್‌ಇಡಿನೇ ಒಯ್ರಿ" ಎಂಬ ಉತ್ತರವೇ ಹೆಚ್ಚು. ಆದರೆ ಅನೇಕ ಮನೆಗಳ ಪಡಸಾಲೆ, ಬಚ್ಚಲುಗಳಲ್ಲಿ ಹಳೆಯ ಸಿಎಫ್‌ಎಲ್‌ಗಳು ಇನ್ನೂ ಉರಿಯುತ್ತಿರುವುದರಿಂದ, ಅವನ್ನು ಈಗಲೇ ತೆಗೆಯಬೇಕೇ, ಕೆಡುವವರೆಗೆ ಬಿಡಬೇಕೇ ಎಂಬ ಪ್ರಶ್ನೆ ಉಳಿದಿದೆ. ಎರಡನ್ನೂ ಮನೆಯಲ್ಲಿ ಬಳಸಿದವನಾಗಿ ನಾನು ಹೇಳುವುದಿಷ್ಟು: ಹೊಸದಾಗಿ ಕೊಳ್ಳುವುದಾದರೆ ಎಲ್‌ಇಡಿಯೇ ಸರಿ, ಆದರೆ ಅದನ್ನು ಎಲ್ಲಿ ಹಾಕುತ್ತೇವೆ ಎಂದು ನೋಡದೆ ತಂದರೆ, ಪೆಟ್ಟಿಗೆಯ ಮೇಲೆ ಬರೆದಷ್ಟು ಕಾಲ ಅದು ನಮ್ಮ ಬೇಸಿಗೆಯಲ್ಲಿ ಬಾಳುವುದಿಲ್ಲ.

ಮೊದಲು ಉಳಿತಾಯದ ಲೆಕ್ಕ. 15 ವ್ಯಾಟ್‌ನ ಸಿಎಫ್‌ಎಲ್ ಕೊಡುವಷ್ಟು ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ ಆರು ತಾಸು ಉರಿಸಿದರೆ ವರ್ಷಕ್ಕೆ ಒಂದು ಬಲ್ಬಿಗೆ ಉಳಿಯುವುದು ಸುಮಾರು 13 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 80 ರೂಪಾಯಿಯೂ ಆಗದು. ಅದೇ ಜಾಗದಲ್ಲಿ 60 ವ್ಯಾಟ್‌ನ ಹಳೆಯ ತಂತಿ ಬಲ್ಬು ಇದ್ದರೆ ಉಳಿತಾಯ 110 ಯೂನಿಟ್ ದಾಟುತ್ತದೆ. ಆದ್ದರಿಂದ ದೇವರ ಮನೆಯಲ್ಲೋ ದನದ ಕೊಟ್ಟಿಗೆಯಲ್ಲೋ ಉಳಿದಿರುವ ತಂತಿ ಬಲ್ಬನ್ನು ಮೊದಲು ಬದಲಿಸಬೇಕು. ಸರಿಯಾಗಿ ಉರಿಯುತ್ತಿರುವ ಸಿಎಫ್‌ಎಲ್ ಅನ್ನು ಕಿತ್ತುಹಾಕುವ ಅವಸರವಿಲ್ಲ. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುವವರಿಗೆ ಈ ಲೆಕ್ಕ ಬೇಡವೆನಿಸಬಹುದು. ಆದರೆ ಬೇಸಿಗೆಯಲ್ಲಿ ಕೂಲರ್ ಹಗಲಿರುಳು ಓಡಿ ಬಳಕೆ ಆ ಯೋಜನೆಯ ತಿಂಗಳ ಮಿತಿಯಾದ 200 ಯೂನಿಟ್‌ನ ಅಂಚಿಗೆ ಬಂದಾಗ, ಮಿತಿ ದಾಟಿದರೆ ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲನ್ನು ಪೂರ್ತಿ ಕಟ್ಟಬೇಕಾಗುವುದರಿಂದ, ಆ ಕೆಲವು ಯೂನಿಟ್‌ಗಳಿಗೂ ಬೆಲೆ ಬರುತ್ತದೆ.

ಇನ್ನು ಬಾಳಿಕೆ. ಸಿಎಫ್‌ಎಲ್‌ನ ಶತ್ರು ಸ್ವಿಚ್ಚು: ಪ್ರತಿ ಸಲ ಹಚ್ಚಿದಾಗಲೂ ಕೊಳವೆಯ ತುದಿಯ ಎಲೆಕ್ಟ್ರೋಡ್ ಸವೆಯುವುದರಿಂದ, ಹತ್ತಾರು ಸಲ ಹಚ್ಚಿ ಆರಿಸುವ ಬಚ್ಚಲಿನಲ್ಲಿ ಅದು ಬೇಗ ಬುಡ ಕಪ್ಪಾಗಿ ಕೆಡುತ್ತದೆ. ಎಲ್‌ಇಡಿಗೆ ಆ ಕಾಟವಿಲ್ಲ. ಅದರ ಶತ್ರು ಸೆಕೆ. ನಮ್ಮ ಬಚ್ಚಲಿನಲ್ಲಿ ಗಾಜಿನ ಮುಚ್ಚಿದ ಡೂಮಿನೊಳಗೆ ಹಾಕಿದ್ದ ಅಗ್ಗದ ಎಲ್‌ಇಡಿ ಒಂದೇ ಬೇಸಿಗೆಯಲ್ಲಿ ಹೋಯಿತು. ಅದರ ಬಿಳಿ ಟೊಪ್ಪಿಗೆ ತೆಗೆದು ನೋಡಿದಾಗ, ಬೆಳಕು ಕೊಡುವ ಹಳದಿ ಬಿಂದುಗಳ ಸಾಲಿನಲ್ಲಿ ಒಂದರ ನಡುವೆ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ ಬಿದ್ದಿತ್ತು. ಬಿಂದುಗಳು ಒಂದರ ಹಿಂದೊಂದು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ, ಒಂದು ಸುಟ್ಟರೆ ಉಳಿದವು ಚೆನ್ನಾಗಿದ್ದರೂ ಇಡೀ ಬಲ್ಬು ಆರುತ್ತದೆ. ಬಿಂದುಗಳಿಗೆ ತಕ್ಕ ಕರೆಂಟು ಕೊಡುವ ಒಳಗಿನ ಸರ್ಕ್ಯೂಟ್, ಅಂದರೆ ಡ್ರೈವರ್‌ನ ಕೆಪಾಸಿಟರ್ ಕೂಡ ಉಬ್ಬಿತ್ತು. ಹೊರಗೆ 42–43 ಡಿಗ್ರಿ ಇರುವ ಊರಿನಲ್ಲಿ ಗಾಳಿಯಾಡದ ಡೂಮು ಎಲ್‌ಇಡಿಯ ಆಯುಷ್ಯವನ್ನು ತಿನ್ನುತ್ತದೆ. ತೆರೆದ ಹೋಲ್ಡರ್‌ಗೆ ಹಾಕಿದ ಅದೇ ಕಂಪನಿಯ ಬಲ್ಬುಗಳು ಇನ್ನೂ ಉರಿಯುತ್ತಿವೆ.

ಸಿಎಫ್‌ಎಲ್ ಒಂದು ವಿಷಯದಲ್ಲಿ ನಿಜಕ್ಕೂ ಮೇಲು: ಅದರ ಬೆಳಕು ಸುತ್ತಲೂ ಹರಡುತ್ತದೆ. ಎಲ್‌ಇಡಿಯ ಕೆಳಭಾಗ ಶಾಖ ಹೊರಹಾಕುವ ಗಟ್ಟಿ ಬುಡವಾದ್ದರಿಂದ ಬೆಳಕು ಹೆಚ್ಚಾಗಿ ಮುಂದಕ್ಕೇ ಬೀಳುತ್ತದೆ. ಹಳೆಯ ಕಲ್ಲಿನ ಮನೆಗಳಲ್ಲಿ ಹೋಲ್ಡರ್ ಗೋಡೆಗಿರುತ್ತದೆ, ಕೆಳಗೆ ಬೆಳಕು ಹೀರುವ ಕಪ್ಪು ಶಹಾಬಾದಿ ಫರ್ಸಿ (ಹಾಸುಗಲ್ಲು). ಅಲ್ಲಿ 9 ವ್ಯಾಟ್‌ನ ಬದಲು 12 ವ್ಯಾಟ್‌ನ ಎಲ್‌ಇಡಿ ಹಾಕುವುದೇ ಒಳ್ಳೆಯದು. ಬಣ್ಣದ ಮಾತಿನಲ್ಲಿ, ಅಡುಗೆಮನೆಗೆ ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಳತೆ) 80ಕ್ಕಿಂತ ಹೆಚ್ಚಿರುವುದನ್ನೇ ತರಬೇಕು. ಕಳಪೆ ಬೆಳಕಿನಲ್ಲಿ ಮೊರದ ಮೇಲಿನ ತೊಗರಿಬೇಳೆ ಪೇಲವವಾಗಿ, ಹಳ್ಳು ಯಾವುದು, ಬೇಳೆ ಯಾವುದು ತಿಳಿಯದಂತಾಗುತ್ತದೆ.

ಸಿಎಫ್‌ಎಲ್‌ನ ದೊಡ್ಡ ದೋಷ ಅದರೊಳಗಿನ ಪಾದರಸ. ಒಂದು ಬಲ್ಬಿನಲ್ಲಿರುವುದು ಕೆಲವೇ ಮಿಲಿಗ್ರಾಂ. ಆದರೂ ಈ ಕಾರಣದಿಂದಲೇ ಪಾದರಸದ ಬಳಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದದ ರಾಷ್ಟ್ರಗಳು ಮನೆಬಳಕೆಯ ಸಿಎಫ್‌ಎಲ್‌ಗಳ ತಯಾರಿಕೆಯನ್ನು 2025ರೊಳಗೆ ನಿಲ್ಲಿಸಲು 2022ರಲ್ಲಿ ಒಪ್ಪಿದವು. ಬಲ್ಬು ಒಡೆದರೆ ಫ್ಯಾನ್ ಆರಿಸಿ, ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಚೂರುಗಳನ್ನು ದಪ್ಪ ಕಾಗದದಿಂದ ಎತ್ತಿ ಮುಚ್ಚಳದ ಬಾಟಲಿಗೆ ಹಾಕಬೇಕು; ಕಸಬರಿಗೆ ಆಡಿಸಿದರೆ ಪುಡಿ ಮನೆಯೆಲ್ಲ ಹರಡುತ್ತದೆ. ಕೆಟ್ಟ ಸಿಎಫ್‌ಎಲ್ ಇ-ತ್ಯಾಜ್ಯವಾದ್ದರಿಂದ ಅದನ್ನು ಹಸಿ ಕಸ, ಒಣ ಕಸದ ಜೊತೆ ಸೇರಿಸದೆ ಬೇರೆಯಾಗಿಯೇ ಕೊಡಬೇಕು.

ಎಲ್‌ಇಡಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ವ್ಯಾಟ್‌ಗಿಂತ ಮೊದಲು ಲ್ಯೂಮೆನ್ (ಬೆಳಕಿನ ಪ್ರಮಾಣ) ನೋಡಿ: 9 ವ್ಯಾಟ್‌ಗೆ 900ರ ಆಸುಪಾಸು ಇರಬೇಕು. ಗುಣಮಟ್ಟದ ಬಿಐಎಸ್ ಗುರುತು, ವಿದ್ಯುತ್ ಉಳಿತಾಯ ತೋರಿಸುವ ಬಿಇಇ ನಕ್ಷತ್ರದ ಚೀಟಿ ಇಲ್ಲದ ಬಿಡಿ ಮಾಲು ಬೇಡ. ಲೈನಿನಲ್ಲಿ ವೋಲ್ಟೇಜ್ ದಿಢೀರನೆ ಚಿಮ್ಮುವ ಬಡಾವಣೆಯವರು ಅದನ್ನು ತಡೆಯುವ ಸರ್ಜ್ ರಕ್ಷಣೆ ಎಷ್ಟು ಕಿಲೋವೋಲ್ಟ್ ಎಂಬುದನ್ನೂ ಓದಬೇಕು. ಗ್ಯಾರಂಟಿಯ ತಾರೀಖನ್ನು ಅಂಗಡಿಯವರು ಬಲ್ಬಿನ ಬುಡದ ಮೇಲೆ ಮಾರ್ಕರ್ ಪೆನ್ನಿನಿಂದ ಗೀಚಿ ಕೊಡುತ್ತಾರೆ; ಆ ಶಾಯಿ ಬಲ್ಬಿನ ಶಾಖಕ್ಕೆ ಮಾಸಿಹೋಗುವುದರಿಂದ, ಪಕ್ಕಾ ಬಿಲ್ಲು ಕೇಳಿ ಪಡೆಯಿರಿ.