ಗ್ಯುಮ್ರಿ ಡೇ ಟ್ರಿಪ್: ಊರಿಗೆ ಫುಲ್ ಮಾರ್ಕ್ಸ್, ಟೂರ್‌ಗೆ ಅರ್ಧ

ಬಕ್ರೀದ್ ರಜೆಗೆ ಶಾರ್ಜಾದಿಂದ ಆರ್ಮೇನಿಯಾಕ್ಕೆ ಹೋಗಿದ್ವಿ. ನಾನು, ಹೆಂಡ್ತಿ, ಮತ್ತೆ ವರ್ಷದಲ್ಲಿ ಆರು ತಿಂಗಳು ನಮ್ಜೊತೆ ಇರೋ ಅಮ್ಮ. ಸೆವಾನ್ ಸರೋವರ, ಗಾರ್ನಿ, ಗೆಘಾರ್ಡ್ ಅಂತ ಎಲ್ಲರೂ ನೋಡೋದನ್ನೆಲ್ಲ ನೋಡಿ ಮುಗಿಸಿದ್ಮೇಲೆ ಒಂದಿನ ಮಿಕ್ಕಿತ್ತು, ಆಗ ಕಣ್ಣಿಗೆ ಬಿದ್ದಿದ್ದು ಈ ಗ್ರೂಪ್ ಟೂರು, ಗ್ಯುಮ್ರಿ ಅನ್ನೋ ಊರಿನ ಹಳೇ ಪೇಟೆ, ನಾಲ್ಕು ಕಡೆ ಕುಶಲಕರ್ಮಿಗಳ ಭೇಟಿ, ಮಧ್ಯಾಹ್ನದ ಊಟ, ಎಲ್ಲಾ ಸೇರಿ ತಲೆಗೆ 20 ಸಾವಿರ ದ್ರಾಮ್ (ಅಲ್ಲಿನ ದುಡ್ಡು). ಕಂಪನಿ ಹೆಸರು ಹಾಕ್ತಿಲ್ಲ, ರಾಜಧಾನಿ ಯೆರೆವಾನ್‌ನಲ್ಲಿ ಇಂಥ ವ್ಯಾನ್ ಟೂರ್ ಬೀದಿಗೊಂದಿವೆ, ನನ್ನ ತಕರಾರು ಇಂಥ ಪ್ಲಾನ್ ಮೇಲೆ.

ಬೆಳಿಗ್ಗೆ 8ಕ್ಕೆ ಅಂದ್ರು, ಹೊರಟಿದ್ದು 8.40ಕ್ಕೆ. ಯೆರೆವಾನ್‌ನಿಂದ ಗ್ಯುಮ್ರಿಗೆ 120 ಕಿ.ಮೀ. ಚಿಲ್ರೆ, ನೆಟ್ಟಗೆ ಹೋದ್ರೆ ಎರಡು ಗಂಟೆ ದಾರಿ. ನಮ್ದು ನೆಟ್ಟಗೆ ಹೋಗ್ಲಿಲ್ಲ. ದಾರಿಲಿ ಆರ್ಮೇನಿಯನ್ ಅಕ್ಷರಗಳನ್ನ ಕಲ್ಲಲ್ಲಿ ಕೆತ್ತಿ ನಿಲ್ಲಿಸಿರೋ ಪಾರ್ಕ್ ಹತ್ರ ನಿಲ್ಸಿದ್ರು, 39 ಅಕ್ಷರ, ಹಿಂದೆ ಅರಗಾತ್ಸ್ ಬೆಟ್ಟ, ಜೂನ್‌ನಲ್ಲೂ ತಲೆ ಮೇಲೆ ಹಿಮ. ಅದು ಚೆನ್ನಾಗಿತ್ತು, ಒಪ್ಕೋತೀನಿ. ಆದ್ರೆ ಆಮೇಲೆ ಒಂದು ಬ್ರಾಂಡಿ ಅಂಗಡಿ ಮುಂದೆ ಇಳಿಸಿ ನಲವತ್ತು ನಿಮಿಷ ಕಳೆದ್ರಲ್ಲ, ಅದು ಪ್ರೋಗ್ರಾಮ್‌ನಲ್ಲೇ ಇರ್ಲಿಲ್ಲ. ಅಮ್ಮ ಹೊರಗಡೆ ಬೆಂಚಿನ ಮೇಲೆ ಕೂತು ‘ಇದಕ್ಕೂ ದುಡ್ಡು ಕೊಟ್ಟಿದೀಯೇನೋ’ ಅಂತ ಕೇಳಿದ್ಲು. ಏನಂತ ಹೇಳ್ಲಿ.

ಊರಿಗೆ ಇಳಿದಾಗ ಹತ್ರ ಹತ್ರ 12. ಇಳಿದ ತಕ್ಷಣ ಗೊತ್ತಾಗೋದು ಬಣ್ಣ. ಯೆರೆವಾನ್ ಪೂರ್ತಿ ಗುಲಾಬಿ ಕಲ್ಲು, ಇಲ್ಲಿ ಕಪ್ಪು. ಟಫ್ ಅಂತ ಜ್ವಾಲಾಮುಖಿ ಬೂದಿಯಿಂದ ಆದ ಕಲ್ಲು, ಕಪ್ಪು ಗೋಡೆಗೆ ಕಿತ್ತಳೆ ಕೆಂಪು ಅಂಚು, ಕಿಟಕಿ ಸುತ್ತ ಬಾಗಿಲ ಸುತ್ತ, ಕಪ್ಪು ಸೀರೆಗೆ ಬಾರ್ಡರ್ ಇಟ್ಟಂಗೆ. ಕುಮಾಯ್ರಿ ಅಂತಾರೆ ಈ ಹಳೇ ಪೇಟೆಗೆ, ಸಾವಿರಕ್ಕಿಂತ ಜಾಸ್ತಿ ಹಳೇ ಕಟ್ಟಡ ಇವೆಯಂತೆ. ಊರಿನ ಹೆಸರು ಮಾತ್ರ ಪಾಪ ಒಂದು ಕಡೆ ನಿಂತಿಲ್ಲ. 1837ರಲ್ಲಿ ರಷ್ಯನ್ ತ್ಸಾರ್ ಕಾಲದಲ್ಲಿ ಅಲೆಕ್ಸಾಂಡ್ರಪೋಲ್, 1924ರಲ್ಲಿ ಲೆನಿನ್ ಸತ್ತ ಮೇಲೆ ಲೆನಿನಾಕಾನ್, ಸೋವಿಯತ್ ಮುಗಿದ್ಮೇಲೆ ಗ್ಯುಮ್ರಿ.

1988ರ ಭೂಕಂಪದ ಬಗ್ಗೆ ಇಲ್ಲಿ ಯಾರೂ ಮಾತಾಡದೇ ಇರಲ್ಲ. ಡಿಸೆಂಬರ್ 7, ಬೆಳಿಗ್ಗೆ 11.41, ಮಕ್ಕಳೆಲ್ಲ ಸ್ಕೂಲಲ್ಲಿ ಇದ್ದ ಹೊತ್ತು. ಆ ಭಾಗದಲ್ಲೆಲ್ಲ ಸೇರಿ ಕಡಿಮೆ ಅಂದ್ರೂ 25 ಸಾವಿರ ಜನ ಹೋದ್ರು. ಗೈಡ್ ಹುಡುಗಿ ಆಗ ಹುಟ್ಟೇ ಇರ್ಲಿಲ್ಲ, ಆದ್ರೂ ಮನೇಲಿ ನಡೆದ ವಿಷ್ಯದ ತರ ಹೇಳಿದ್ಲು. ಸೋವಿಯತ್ ಕಾಲದಲ್ಲಿ ಫ್ಯಾಕ್ಟರಿಲಿ ಕಾಂಕ್ರೀಟ್ ತುಂಡು ಎರಕ ಹೊಯ್ದು ಜೋಡಿಸಿ ಎಬ್ಬಿಸಿದ್ದ ಒಂಬತ್ತಂತಸ್ತಿನ ಬಿಲ್ಡಿಂಗ್‌ಗಳು ಸಾಲಾಗಿ ಕುಸಿದ್ವು, ಈ ತಗ್ಗು ಕಲ್ಲಿನ ಮನೆಗಳಲ್ಲಿ ಎಷ್ಟೋ ನಿಂತ್ವು. ಚೌಕದ ಒಂದು ಕಡೆ ಇರೋ ಏಳು ಗಾಯಗಳ ಮಾತೆ ಚರ್ಚ್ ಹೊರಗೆ, ಅವತ್ತು ಉದುರಿದ ಗೋಪುರದ ತಲೆಗಳನ್ನ ಹಂಗೇ ನೆಲದ ಮೇಲೆ ಇಟ್ಟಿದಾರೆ. ಎದುರುಗಡೆ ಸೇವಿಯರ್ ಚರ್ಚ್, ಅದನ್ನ ವರ್ಷಗಟ್ಟಲೆ ಕೂತು ಮತ್ತೆ ಕಟ್ಟಿದಾರೆ, ಹಳೇ ಕಲ್ಲು ಯಾವ್ದು ಹೊಸದು ಯಾವ್ದು ಅಂತ ಬಣ್ಣ ನೋಡಿ ಹೇಳ್ಬೋದು.

ಆಮೇಲೆ ಜಿತೋಘ್ತ್ಸ್ಯಾನ್ ಮ್ಯೂಸಿಯಂ. 1872ರಲ್ಲಿ ಕಟ್ಟಿದ ಕೆಂಪು ಕಲ್ಲಿನ ಸಾಹುಕಾರರ ಮನೆ. ಒಳಗೆ ಬಡಗಿ, ಕಮ್ಮಾರ, ತಾಮ್ರದ ಕೆಲಸದೋರು, ಹೀಗೆ ಒಂದು ಕಾಲಕ್ಕೆ ಈ ಊರನ್ನ ನಡೆಸ್ತಿದ್ದೋರ ಹತಾರಗಳೆಲ್ಲ ಇವೆ. ಪಕ್ಕದಲ್ಲೇ ಮೆರ್ಕುರೋವ್ ಅನ್ನೋ ಶಿಲ್ಪಿಯ ಮ್ಯೂಸಿಯಂ, ದೊಡ್ಡ ದೊಡ್ಡೋರು ಸತ್ತಾಗ ಮುಖದ ಅಚ್ಚು ತೆಗೀತಿದ್ದ ಮನುಷ್ಯ, ಟಾಲ್‌ಸ್ಟಾಯ್‌ದೂ ಲೆನಿನ್‌ದೂ ಅವನೇ ತೆಗೆದಿದ್ದು. ನನ್ನ ಹೆಂಡ್ತಿಗೆ ಇದೇ ಎಲ್ಲಕ್ಕಿಂತ ಇಷ್ಟ ಆಯ್ತು, ಅಮ್ಮ ‘ನಾ ಬರಲ್ಲ, ಊಟದ ಮುಂಚೆ ಬೇಡ’ ಅಂತ ಬಾಗಿಲಲ್ಲೇ ನಿಂತ್ಲು.

ಊಟದ ವಿಷ್ಯ ಹೇಳ್ಲೇಬೇಕು, ನಾವು ಪೂರ್ತಿ ಸಸ್ಯಾಹಾರಿ. ಬುಕ್ ಮಾಡ್ವಾಗ್ಲೇ ಬರೆದಿದ್ದೆ, ಆದ್ರೂ ಅಲ್ಲಿ ಹೋದ್ರೆ ನಮಗೂ ಮಾಂಸದ ತಟ್ಟೆನೇ ರೆಡಿ. ಗೈಡ್ ಓಡಾಡಿ ಪನ್ರ್‌ಖಾಶ್ ಮಾಡ್ಸಿದ್ಲು, ಈ ಊರಿನದೇ ತಿಂಡಿ, ಒಣಗಿದ ರೊಟ್ಟಿ, ಎಳೆ ಎಳೆಯಾಗಿರೋ ಉಪ್ಪು ಚೀಸ್, ಬೆಣ್ಣೆ, ಹುರಿದ ಈರುಳ್ಳಿ ಪದರ ಪದರವಾಗಿ ಹಾಕಿ ಮೇಲೆ ಕುದಿಯೋ ನೀರು. ಕೇಳಕ್ಕೆ ಏನೋ ಅನ್ಸುತ್ತೆ, ಆ ಚಳಿ ಗಾಳಿಗೆ ಸಖತ್ತಾಗಿತ್ತು. ಜೂನ್ ಅಂತ ಬರೀ ಟೀಶರ್ಟಲ್ಲಿ ಹೋಗ್ಬೇಡಿ, ಊರು ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಇನ್ನೊಂದು ‘ತತಾರ್ ಬೋರಾಕಿ’, ಹಿಟ್ಟಿನ ಚೌಕ ತುಂಡು ಬೇಯಿಸಿ ಬೆಳ್ಳುಳ್ಳಿ ಮೊಸರು ಬೆಣ್ಣೆ ಹಾಕಿದ್ದು, ಅಮ್ಮ ಎರಡು ತಟ್ಟೆ ತಿಂದ್ಲು. ಹೋಗೋರಿಗೆ ಒಂದು ಪದ ಕಲಿಸ್ತೀನಿ, ‘ಪಾಸುತ್ಸ್’ ಅನ್ನಿ, ಅಂದ್ರೆ ಉಪವಾಸದ ಅಡುಗೆ. ವೆಜಿಟೇರಿಯನ್ ಅಂದ್ರೆ ಚಿಕನ್ ತರೋ ಕಡೆನೂ ಇದು ಅರ್ಥ ಆಗುತ್ತೆ, ಆದ್ರೆ ಆಗ ಹಾಲು ಮೊಸರೂ ಬರಲ್ಲ.

ಊಟಕ್ಕೇ ಒಂದೂವರೆ ಗಂಟೆ ಹೋಯ್ತು. ಮೂರೂವರೆಗೆ ಕಮ್ಮಾರನ ಹತ್ರ ಹೋದ್ವಿ. ಇಡೀ ದಿನದ ದುಡ್ಡು ಇಲ್ಲಿ ವಸೂಲಾಯ್ತು, ಅದಕ್ಕೇ ಈ ರಿವ್ಯೂ ಬರೀತಿರೋದು.

ಗ್ಯುಮ್ರಿ ಕಮ್ಮಾರಿಕೆನ 2023ರಲ್ಲಿ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೆ ಸೇರಿಸಿದೆ. ಪೇಟೆಲಿ ನಡೀವಾಗ ನೋಡಿದ್ದ ಬಾಲ್ಕನಿ ಕಂಬಿ, ಗೇಟು, ಬಾಗಿಲ ಹಿಡಿ, ಬಳ್ಳಿ ತರ ಸುತ್ಕೊಂಡಿರೋ ಕಬ್ಬಿಣ ಎಲ್ಲಾ ಈ ಕೈಗಳದ್ದೇ, ಅಪ್ಪನಿಂದ ಮಗನಿಗೆ ಬಂದ ಕೆಲಸ. ನಾವು ಹೋಗಿದ್ದು ಒಂದು ಸಣ್ಣ ಶೆಡ್, ಒಳಗೆ ಅರವತ್ತು ದಾಟಿದ ಯಜಮಾನರು ಮತ್ತೆ ಅವರ ಮಗ. ತಿದಿ ಇಲ್ಲ, ಕರೆಂಟ್ ಬ್ಲೋವರ್ ಇದೆ, ಮಿಕ್ಕಿದ್ದೆಲ್ಲ ನಮ್ಮ ಕುಲುಮೆನೇ, ಕಬ್ಬಿಣ ಇಟ್ಟು ಬಡಿಯೋ ಅದೇ ಅಡಿಗಲ್ಲು, ಅದೇ ಇಕ್ಕಳ, ಅದೇ ಸುಟ್ಟ ಕಬ್ಬಿಣದ ವಾಸನೆ. ಅಮ್ಮ ಒಳಗೆ ಕಾಲಿಟ್ಟವಳೇ ಚಪ್ಪಲಿ ಬಿಟ್ಲು. ಗೈಡ್ ಗಾಬರಿಯಾಗಿ ಬೇಡ ಬೇಡ ಕಿಡಿ ಹಾರುತ್ತೆ ಅಂದ್ಲು. ನಾನು ಹೇಳ್ದೆ, ನಮ್ಮಲ್ಲಿ ಹತಾರಕ್ಕೆ ವರ್ಷಕ್ಕೊಂದ್ಸಲ ಕುಂಕುಮ ಹಚ್ಚಿ ಪೂಜೆ ಮಾಡ್ತೀವಿ, ಅದಕ್ಕೆ ಅಂತ. ಅವಳು ಅದನ್ನ ಆರ್ಮೇನಿಯನ್‌ನಲ್ಲಿ ಹೇಳಿದ್ದೇ ತಡ, ಆ ಯಜಮಾನರು ಸುತ್ತಿಗೆ ಕೆಳಗಿಟ್ಟು ಅಮ್ಮನ್ನ ಒಂದ್ಸಲ ನೋಡಿದ್ರು, ಆಮೇಲೆ ಬರೀ ಅಡಿಗಲ್ಲಿನ ಮೇಲೆ, ಕಬ್ಬಿಣ ಏನೂ ಇಡದೇ, ಟಣ್ ಟಣ್ ಟಣ್ ಅಂತ ಮೂರೇಟು ಹೊಡೆದ್ರು.

ಅದಕ್ಕೊಂದು ಕಥೆ. ಆರ್ತವಾಜ್ದ್ ಅಂತ ಒಬ್ಬ ರಾಜ, ಅಪ್ಪನ ಶಾಪದಿಂದ ಅರರಾತ್ ಬೆಟ್ಟದೊಳಗೆ ಸರಪಳಿಲಿ ಬಂದಿಯಾಗಿದಾನೆ, ಎರಡು ನಾಯಿ ಆ ಸರಪಳಿನ ಕಡೀತಾನೇ ಇರ್ತವೆ, ಅವನು ಬಿಡಿಸ್ಕೊಂಡು ಬಂದ್ರೆ ಲೋಕ ಮುಗೀತು. ಕಮ್ಮಾರರು ಖಾಲಿ ಅಡಿಗಲ್ಲಿಗೆ ಹೊಡೆದ್ರೆ ಸರಪಳಿ ಮತ್ತೆ ಗಟ್ಟಿಯಾಗುತ್ತೆ ಅಂತ ನಂಬಿಕೆ, ಇದನ್ನ ಮೊವ್ಸೆಸ್ ಖೊರೆನಾತ್ಸಿ ಅನ್ನೋ ಅವರ ಹಳೇ ಇತಿಹಾಸಕಾರನೇ ಬರೆದಿಟ್ಟಿದಾನೆ. ಕೇಳಿ ಅಮ್ಮ ‘ಹಂಗಾದ್ರೆ ಇವ್ರಿಗೆ ರಜಾನೇ ಇಲ್ವಲ್ಲೋ’ ಅಂದ್ಲು. ಅನುವಾದ ಆದ್ಮೇಲೆ ಅಪ್ಪ ಮಗ ಇಬ್ರೂ ನಕ್ಕಿದ್ದೇ ನಕ್ಕಿದ್ದು. ಗ್ಯುಮ್ರಿಯೋರು ಇಡೀ ಆರ್ಮೇನಿಯಾದಲ್ಲಿ ತಮಾಷೆಗೆ ಹೆಸರುವಾಸಿ, ಅವ್ರನ್ನೇ ನಗಿಸಿದ್ಲು ನಮ್ಮಮ್ಮ.

ಆಮೇಲೆ ಒಂದು ಕಂಬಿ ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತಿರುಚಿ, ತುದಿ ಬಗ್ಗಿಸಿ, ನೀರಲ್ಲಿ ಚುಂಯ್ ಅನ್ಸಿ ಗೋಡೆಗೆ ಹೊಡೆಯೋ ಒಂದು ಕೊಕ್ಕೆ ಮಾಡಿಕೊಟ್ರು, ಹತ್ತು ನಿಮಿಷ ಆಗಿರ್ಬೋದು. ಎರಡು ಏಟು ಅಮ್ಮನ ಕೈಲೂ ಹಾಕಿಸಿದ್ರು, ಅದು ಎಲ್ಲಿ ಬಿತ್ತು ಅಂತ ಕೊಕ್ಕೆ ನೋಡಿದ್ರೆ ಈಗ್ಲೂ ಗೊತ್ತಾಗುತ್ತೆ. 5 ಸಾವಿರ ದ್ರಾಮ್ ಕೊಟ್ಟೆ, ಚೌಕಾಸಿ ಮಾಡೋಕೆ ಮನಸ್ಸಾಗ್ಲಿಲ್ಲ. ಇನ್ನೂ ಏನೇನೋ ಕೇಳ್ಬೇಕಿತ್ತು, ಅಷ್ಟ್ರಲ್ಲಿ ಡ್ರೈವರ್ ಹಾರ್ನ್ ಮೇಲೆ ಹಾರ್ನ್.

ಅಲ್ಲಿಂದ ಸೂಜಿ ಲೇಸ್ ಹಾಕೋ ಒಬ್ಬ ಅಜ್ಜಿ ಹತ್ರ, ಬರೀ ಹದಿನೈದು ನಿಮಿಷ. ಕ್ರೋಶಾ ಕಡ್ಡಿ ಇಲ್ಲ, ಮಾಮೂಲಿ ಹೊಲಿಗೆ ಸೂಜಿ ದಾರದಲ್ಲಿ ಗಂಟು ಮೇಲೆ ಗಂಟು ಹಾಕ್ಕೊಂಡೇ ಹೂವು ಎಬ್ಬಿಸ್ತಾರೆ. ಅಂಗೈ ಅಗಲಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಹೆಂಡ್ತಿ ಕೇಳ್ತಿದ್ದಂಗೆ ‘ಟೈಮ್ ಆಯ್ತು’. ಕುಂಬಾರಿಕೆ ಸ್ಟುಡಿಯೋ ‘ಇವತ್ತು ಕ್ಲೋಸ್’, ಮರಗೆಲಸದೋರ ಸುದ್ದಿನೇ ಇಲ್ಲ. ನಾಲ್ಕು ಅಂತ ಹೇಳಿ ಎರಡು. ದುಡ್ಡು ವಾಪಸ್ ಕೇಳಿದೆ, ಬೇರೆ ಟೂರ್‌ಗೆ 10 ಪರ್ಸೆಂಟ್ ಕಡಿಮೆ ಮಾಡ್ತೀವಿ ಅಂದ್ರು. ನಾಳೆ ಫ್ಲೈಟ್ ಇರೋನಿಗೆ.

ಇನ್ನೊಂದು ಹೊಟ್ಟೆ ಉರಿ. ವ್ಯಾನ್ ಕಿಟಕಿಯಿಂದ ಅಸ್ಲಮಾಜ್ಯಾನ್ ಅಕ್ಕ ತಂಗಿಯರ ಗ್ಯಾಲರಿ ಕಂಡ್ತು, ನಿಲ್ಸಲಿಲ್ಲ. ರೂಮಿಗೆ ಬಂದು ಓದಿದ್ಮೇಲೆ ಗೊತ್ತಾಗಿದ್ದು, ಇಬ್ರೂ ಚಿತ್ರ ಬರೆಯೋರು, ಪಿಂಗಾಣಿ ಕೆಲಸನೂ ಮಾಡ್ತಿದ್ರು, ಅದ್ರಲ್ಲಿ ಅಕ್ಕ ಮರಿಯಂ ಭಾರತಕ್ಕೆ ಬಂದು ಓಡಾಡಿ ಇಲ್ಲಿನ ಚಿತ್ರಗಳನ್ನೂ ಬರೆದಿದಾರೆ. ನಾಲ್ಕು ಜನ ಭಾರತೀಯರು ವ್ಯಾನಲ್ಲಿ ಇದ್ವಿ (ನಾವು ಮೂವರು, ಮತ್ತೆ ಯೆರೆವಾನ್‌ನಲ್ಲಿ ಎಂಬಿಬಿಎಸ್ ಓದ್ತಿರೋ ಕಲಬುರ್ಗಿ ಹುಡುಗ ಒಬ್ಬ), ಒಂದು ಮಾತು ಹೇಳ್ಬಾರ್ದಾ.

ಮಾರ್ಕ್ಸ್ ಕೇಳಿದ್ರೆ ಗೈಡ್ ಹುಡುಗಿಗೆ 5ಕ್ಕೆ 5, ಟೂರ್ ಪ್ಲಾನ್‌ಗೆ 2, ಊಟಕ್ಕೆ 4. ಕೈಕೆಲಸ ನೋಡಕ್ಕೆ ಅಂತ ಹೋಗೋರು ವ್ಯಾನ್ ಬಿಟ್ಟು ಯೆರೆವಾನ್‌ನಿಂದ ಎಕ್ಸ್‌ಪ್ರೆಸ್ ಟ್ರೈನ್ ಹಿಡೀರಿ, ಸುಮಾರು ಎರಡು ಗಂಟೆ, ಟಿಕೆಟ್ ದುಡ್ಡು ಟೂರ್ ದುಡ್ಡಿನ ಮುಂದೆ ಏನೂ ಅಲ್ಲ. ಅಲ್ಲೇ ಒಂದ್ರಾತ್ರಿ ಇದ್ದು, ಒಬ್ಬ ಲೋಕಲ್ ಗೈಡ್ ಇಟ್ಕೊಂಡು, ಕುಲುಮೆಗೆ ಅರ್ಧ ದಿನ ಕೊಡಿ. ಅವರ ಹತ್ರ ಮೊದ್ಲೇ ಫೋನ್ ಮಾಡ್ಸಿ, ಇಲ್ಲಾಂದ್ರೆ ಬೆಂಕಿ ಹಚ್ಚಿರಲ್ಲ.

ಕೊಕ್ಕೆ ಶಾರ್ಜಾ ಫ್ಲಾಟಲ್ಲಿ ಹೊಡೆಯೋ ಹಂಗಿಲ್ಲ, ಓನರ್ ಗೋಡೆಗೆ ಡ್ರಿಲ್ ಮಾಡಕ್ಕೆ ಬಿಡಲ್ಲ. ಅಮ್ಮ ಮಳೆಗಾಲಕ್ಕೆ ಊರಿಗೆ, ಸಾಗರಕ್ಕೆ ಹೋಗ್ವಾಗ ಸೀರೆಲಿ ಸುತ್ತಿ ತಗೊಂಡ್ಹೋದ್ಲು. ಜಗಲಿ ಕಂಬಕ್ಕೆ ಹೊಡೆಸಿದಾಳಂತೆ, ಮೊನ್ನೆ ವಿಡಿಯೋ ಕಾಲಲ್ಲಿ ತೋರ್ಸಿದ್ಲು, ಒದ್ದೆ ಛತ್ರಿ ನೇತಾಡ್ತಿತ್ತು.