‘ಎಲ್ಲಾ ಸೇರಿ’ ಅಂತ ಕ್ರೂಸ್ ಮಾರುವವರಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಕಾಫಿಗೆ ಒಳ್ಳೆ ರೇಟ್ ಬಂದ ಮೇಲೆ ಕೊಡಗಿನಿಂದ ಕ್ರೂಸ್‌ಗೆ, ಅಂದರೆ ಹಡಗಿನ ಪ್ರವಾಸಕ್ಕೆ, ಹೋಗುವವರು ಜಾಸ್ತಿ ಆಗಿದ್ದಾರೆ. ‘ಸಿಂಗಪುರ, ಪೆನಾಂಗ್, ಫುಕೆಟ್, ನಾಲ್ಕು ರಾತ್ರಿ ಲಕ್ಸುರಿ ಕ್ರೂಸ್, ಆಲ್ ಇನ್‌ಕ್ಲೂಸಿವ್’ ಅನ್ನುವ ಪೋಸ್ಟರ್ ಗೋಣಿಕೊಪ್ಪದ ಪ್ರತಿ ವಾಟ್ಸಾಪ್ ಗ್ರೂಪ್‌ನಲ್ಲೂ ಓಡಾಡ್ತಿದೆ. ಆ ಪೋಸ್ಟರ್ ನಂಬಿ ಮೇ ತಿಂಗಳಲ್ಲಿ ಎರಡು ಮನೆಯವರು ಸೇರಿ ಏಳು ಜನ ಹೋಗಿ ಬಂದ್ವಿ. ತಲೆಗೆ 92,000 ರೂಪಾಯಿ, ವಿಮಾನ, ವೀಸಾ, ಹಡಗು ಎಲ್ಲಾ ಸೇರಿ. ಮತ್ತೆ ಹೇಳ್ತೀನಿ, ‘ಎಲ್ಲಾ ಸೇರಿ’ ಅಂತಲೇ ಟ್ರಾವೆಲ್ ಏಜೆಂಟ್ ಹೇಳಿದ್ದು. ವಾಪಸ್ ಇಳಿಯುವ ಬೆಳಿಗ್ಗೆ ಮೂರು ಕ್ಯಾಬಿನ್‌ಗೆ ಸೇರಿ 1,504 ಡಾಲರ್ ಬಿಲ್ ಬಂತು. ಕಾರ್ಡ್‌ನ ಫಾರೆಕ್ಸ್ ಮಾರ್ಕಪ್ (ಡಾಲರ್ ಖರ್ಚಿಗೆ ಬ್ಯಾಂಕ್ ಹಿಡಿಯುವ ಶುಲ್ಕ) ಸೇರಿ ಒಂದು ಲಕ್ಷದ ಮೂವತ್ತು ಸಾವಿರ ದಾಟಿತು.

ಇದನ್ನು ಬರೆಯಲು ನಾಚಿಕೆ ಆಗ್ತದೆ. ಹೋಂಸ್ಟೇ ನಡೆಸುವ ನಾಡಿನವರು ನಾವು. ‘ಊಟ ತಿಂಡಿ ಸೇರಿ’ ಅಂದರೆ ಏನು ಸೇರಿದೆ, ಏನು ಸೇರಿಲ್ಲ ಅಂತ ಬಂದ ಗೆಸ್ಟ್‌ಗೆ ನಾವೇ ದಿನಾ ಬಿಡಿಸಿ ಹೇಳ್ತೇವೆ. ಕ್ಯಾಂಪ್‌ಫೈರ್ ಬೇರೆ, ಜೀಪ್ ಬೇರೆ, ಪಂದಿ ಕರಿ ಬೇಕಾದರೆ ಮೊದಲೇ ಹೇಳಬೇಕು ಅಂತ. ಅದೇ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಅಲ್ಲ, ಕೇಳಿದ್ವಿ. ಸುಳ್ಳು ಉತ್ತರ ಸಿಕ್ಕಿತು.

‘ಅಣ್ಣಾ, ಟಿಪ್ಸ್?’ ಅಂತ ಕೇಳಿದ್ದಕ್ಕೆ ಬಂದ ವಾಯ್ಸ್ ಮೆಸೇಜ್ ಈಗಲೂ ಫೋನ್‌ನಲ್ಲಿದೆ. ‘ಅಕ್ಕಾ, ನೀವು ಟೆನ್ಶನ್ ತಗೋಬೇಡಿ, ಅದೆಲ್ಲಾ ನಾನು ಕಟ್ಟಿದ್ದೇನೆ, ನೀವು ಬರೀ ಹೋಗಿ ತಿಂದು ಕುಡಿದು ಬನ್ನಿ.’ ತಿಂದು ಕುಡಿದು. ಅವರದೇ ಮಾತು.

ಮೊದಲ ಸಂಜೆ. ಹಡಗು ಸಿಂಗಪುರ ಬಿಟ್ಟು ಇನ್ನೂ ಒಂದು ಗಂಟೆ ಆಗಿರಲಿಲ್ಲ. ನಮ್ಮ ಭಾವ ಬಾರ್‌ಗೆ ಹೋಗಿ ಮೂರು ಡ್ರಿಂಕ್ಸ್ ಹೇಳಿದರು. ಹಡಗಿನಲ್ಲಿ ನೋಟು ನಡೆಯಲ್ಲ, ಕ್ಯಾಬಿನ್ ಬಾಗಿಲು ತೆರೆಯುವ ಕಾರ್ಡನ್ನೇ ಎಲ್ಲದಕ್ಕೂ ತೋರಿಸಬೇಕು. ಹಾಗಾಗಿ ಕಾರ್ಡ್ ಕೊಟ್ಟಾಗ ದುಡ್ಡು ಹೋಗ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ. ಚೀಟಿ ಬಂತು. ಒಂದಕ್ಕೆ 14 ಡಾಲರ್. ಕೆಳಗೆ 18% ಗ್ರಾಚ್ಯುಟಿ, ಅಂದರೆ ಟಿಪ್ಸ್, 2.52. ಒಟ್ಟು 16.52. ಮೂರಕ್ಕೆ 49.56. ಅದರ ಕೆಳಗೆ ‘ಹೆಚ್ಚುವರಿ ಗ್ರಾಚ್ಯುಟಿ’ ಅಂತ ಒಂದು ಖಾಲಿ ಗೆರೆ, ಆಮೇಲೆ ಸಹಿ. ಆ ಖಾಲಿ ಗೆರೆ ನೋಡಿದ ಎಷ್ಟೋ ಜನ ಟಿಪ್ಸ್ ಇಲ್ಲಿ ಬರೀಬೇಕು ಅಂತ ಮತ್ತೊಮ್ಮೆ ಬರೆದು ಬಿಡ್ತಾರೆ. 18% ಮೇಲೆಯೇ ಹಿಡಿದಾಗಿದೆ. ಆ ಗೆರೆ ಮೇಲೆ ಅಡ್ಡ ಗೀಟು ಎಳೆದು ಸಹಿ ಹಾಕಿ.

ಭಾವ ಚೀಟಿ ಹಿಡ್ಕೊಂಡು ನನ್ನ ಮುಖ ನೋಡಿದರು. ನಾನು ಪಿಡಿಎಫ್ ತೆಗೆದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಲಕ್ಸುರಿ, ಆಲ್ ಇನ್‌ಕ್ಲೂಸಿವ್. ಎರಡನೇ ಪುಟದಲ್ಲಿ ಬಿಳಿ ಮೇಜುಬಟ್ಟೆ, ದೊಡ್ಡ ಸ್ಟೇಕ್, ವೈನ್ ಗ್ಲಾಸ್‌ನ ಫೋಟೋ. ಕೊನೇ ಪುಟದಲ್ಲಿ, ಕ್ಯಾನ್ಸಲೇಶನ್ ನಿಯಮಗಳ ಕೆಳಗೆ, ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ: ಪಾನೀಯ, ಗ್ರಾಚ್ಯುಟಿ, ಸ್ಪೆಷಾಲಿಟಿ ಡೈನಿಂಗ್ (ಬೇರೆ ದುಡ್ಡು ಕೊಟ್ಟು ತಿನ್ನುವ ರೆಸ್ಟೋರೆಂಟ್) ಮತ್ತು ವೈಯಕ್ತಿಕ ಖರ್ಚು ಹೊರತುಪಡಿಸಿ. ಎದೆ ಧಸಕ್ಕೆಂದಿತು. ಮೂರು ತಿಂಗಳಿಂದ ಆ ಪಿಡಿಎಫ್ ಫೋನ್‌ನಲ್ಲಿತ್ತು. ಕೊನೇ ಪುಟದವರೆಗೆ ಯಾರೂ ಹೋಗಿರಲಿಲ್ಲ.

ಗೆಸ್ಟ್ ಸರ್ವಿಸ್ ಕೌಂಟರ್‌ಗೆ ಹೋದ್ವಿ. ಅಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ‘ಮೇಡಂ, ನಿಮ್ಮ ಬುಕಿಂಗ್‌ನಲ್ಲಿ ಕ್ರೂಸ್ ಫೇರ್ ಮತ್ತು ಪೋರ್ಟ್ ಟ್ಯಾಕ್ಸ್ ಮಾತ್ರ ಕಟ್ಟಿದೆ. ಗ್ರಾಚ್ಯುಟಿ ಪ್ರೀಪೇಡ್ ಅಲ್ಲ. ಡ್ರಿಂಕ್ಸ್ ಪ್ಯಾಕೇಜ್ ಇಲ್ಲ.’ ಪ್ರಿಂಟ್ ತೆಗೆದು ಕೊಟ್ಟಳು. ಏಜೆಂಟ್‌ಗೆ ಅದರ ಫೋಟೋ ಕಳಿಸಿದೆ. ಎರಡು ನೀಲಿ ಗೀಟು ಬಂತು, ಉತ್ತರ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಬಂತು: ‘ಅಕ್ಕಾ, ಊಟ ಸೇರಿ ಅಂದಿದ್ದೆ, ಕುಡಿಯೋದು ಸೇರಿ ಅಂತ ಎಲ್ಲಿ ಹೇಳಿದ್ದೇನೆ?’ ಅವರದೇ ವಾಯ್ಸ್ ಮೆಸೇಜ್ ಅವರಿಗೇ ಫಾರ್ವರ್ಡ್ ಮಾಡಿದೆ. ‘ಅದು ಮಾತಿಗೆ ಹೇಳಿದ್ದು.’ ಮಾತಿಗೆ ಹೇಳಿದ್ದಂತೆ!

ಈ ‘ಲಕ್ಸುರಿ’ ಅನ್ನುವ ಪದದಲ್ಲೇ ಮೋಸ ಇರುವುದು. ರೀಜೆಂಟ್, ಸಿಲ್ವರ್‌ಸೀ, ಸೀಬೋರ್ನ್ ತರಹದ ಸಣ್ಣ ಹಡಗಿನ ಕಂಪನಿಗಳು ಉಂಟು. ಅವರಲ್ಲಿ ಡ್ರಿಂಕ್ಸ್, ಗ್ರಾಚ್ಯುಟಿ ಟಿಕೆಟ್ ದರದಲ್ಲೇ ಸೇರಿರುತ್ತದೆ, ಟಿಕೆಟ್ ದರವೂ ಹಾಗೇ ಇರುತ್ತದೆ. ಸಾವಿರಾರು ಜನ ಹತ್ತುವ ದೊಡ್ಡ ಹಡಗುಗಳ ಲೆಕ್ಕವೇ ಬೇರೆ. 2024ರ ಜನವರಿಯಲ್ಲಿ ಶುರುವಾದ ಐಕಾನ್ ಆಫ್ ದಿ ಸೀಸ್ ಹಡಗಿನಲ್ಲಿ 20ಕ್ಕೂ ಹೆಚ್ಚು ಊಟ ತಿಂಡಿಯ ಜಾಗ ಇದೆ, ಆದರೆ ಎಲ್ಲವೂ ಟಿಕೆಟ್‌ನಲ್ಲಿ ಸೇರಿಲ್ಲ. ದೊಡ್ಡ ಹಡಗಿನ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಬರುವುದು ಮೈನ್ ಡೈನಿಂಗ್ ರೂಮ್, ಮೇಲಿನ ಡೆಕ್‌ನ ಬಫೆ, ಪಿಜ್ಜಾ ಕೌಂಟರ್‌ನಂಥ ಒಂದೆರಡು ಸಣ್ಣ ಜಾಗ, ಬಫೆಯಲ್ಲಿ ಸಿಗುವ ನೀರು, ಟೀ, ಮಾಮೂಲಿ ಕಾಫಿ. ಅಷ್ಟೇ. ಕಾಫಿ ಬೆಳೆಯುವವರಿಗೆ ಆ ಮಷಿನ್ ಕಾಫಿ ಕುಡಿಯಲು ಆಗಲ್ಲ, ಎಸ್‌ಪ್ರೆಸೊ ಬೇಕಾದರೆ ಕೆಫೆಯಲ್ಲಿ ದುಡ್ಡು. ನಮ್ಮ ಏಜೆಂಟ್ ಮಾಡಿದ್ದು ಇಷ್ಟೇ: ದೊಡ್ಡ ಹಡಗಿನ ಟಿಕೆಟ್ ಕೊಟ್ಟು, ಸಣ್ಣ ಲಕ್ಸುರಿ ಹಡಗಿನ ಮಾತು ಮಾರಿದರು.

ದಿನಕ್ಕೆ ಇಷ್ಟು ಅಂತ ಕಟ್ಟಿ ಬೇಕಾದಷ್ಟು ಕುಡಿಯುವ ಡ್ರಿಂಕ್ಸ್ ಪ್ಯಾಕೇಜ್ ವಿಷಯ ಬಿಡಿಸಿ ಹೇಳ್ತೀನಿ, ನಮ್ಮ ಕಡೆಯವರು ಹೆಚ್ಚು ಬೀಳುವುದು ಇಲ್ಲೇ. ಅದೇ ರಾತ್ರಿ ಭಾವ ‘ಆಯ್ತು, ಪ್ಯಾಕೇಜೇ ತಗೊಳ್ಳೋಣ’ ಅಂದರು. ಬೋರ್ಡ್‌ನಲ್ಲಿ ದಿನಕ್ಕೆ 65 ಡಾಲರ್. ಅದರ ಮೇಲೆ ಇಲ್ಲೂ 18%, ಅಂದರೆ 76.70. ಒಂದು ದಿನಕ್ಕೆ ಬೇಕು ಅಂದರೆ ಕೊಡಲ್ಲ, ನಾಲ್ಕು ದಿನಕ್ಕೂ ತಗೋಬೇಕು. 306.80. ಸರಿ ಅಂತ ಕಾರ್ಡ್ ಕೊಟ್ಟ ಮೇಲೆ ಗೊತ್ತಾಯಿತು, ಒಂದು ಕ್ಯಾಬಿನ್‌ನಲ್ಲಿ ಒಬ್ಬ ದೊಡ್ಡವರು ತಗೊಂಡರೆ ಅದೇ ಕ್ಯಾಬಿನ್‌ನ ಇನ್ನೊಬ್ಬ ದೊಡ್ಡವರೂ ತಗೊಳ್ಳಲೇಬೇಕು. ಇಬ್ಬರು ಒಂದೇ ಪ್ಯಾಕೇಜ್ ಹಂಚಿಕೊಳ್ಳಬಾರದು ಅಂತ ಎಷ್ಟೋ ಕಂಪನಿಗಳಲ್ಲಿ ಈ ನಿಯಮ ಇದೆ. ನಮ್ಮ ಅಕ್ಕ ಕುಡಿಯುವುದೇ ಇಲ್ಲ. ಅವರ ಹೆಸರಲ್ಲೂ 306.80. ಒಂದು ಕ್ಯಾಬಿನ್‌ಗೆ 613.60 ಡಾಲರ್! ಅಕ್ಕ ನಾಲ್ಕು ದಿನ ಕುಡಿದದ್ದು ಕಿತ್ತಳೆ ಜ್ಯೂಸ್ ಮತ್ತು ಕ್ಯಾಪುಚಿನೊ. ಸಂಜೆ ಬಾರ್‌ನಲ್ಲಿ ಕೊಟ್ಟ 49.56 ವಾಪಸ್ ಕೊಡಿ ಅಂದರೆ, ಪ್ಯಾಕೇಜ್ ತಗೊಳ್ಳುವ ಮುಂಚಿನದು, ಆಗಲ್ಲ ಅಂದರು.

ಲೆಕ್ಕ ನೀವೇ ಹಾಕಿ. ಒಂದು ಡ್ರಿಂಕ್ 16.52, ಪ್ಯಾಕೇಜ್ ದಿನಕ್ಕೆ 76.70. ದಿನಕ್ಕೆ ಐದು ಕುಡಿದರೆ ಮಾತ್ರ ಪ್ಯಾಕೇಜ್ ಗಿಟ್ಟುವುದು. ಹೆಂಡತಿ ಕುಡಿಯದಿದ್ದರೆ ಗಂಡ ಹತ್ತು ಕುಡಿಯಬೇಕು. ಪೆನಾಂಗ್‌ನಲ್ಲಿ ಬೆಳಿಗ್ಗೆ ಇಳಿದು ಸಂಜೆ ಹತ್ತಿದ ದಿನಕ್ಕೂ ದುಡ್ಡು ಹೋಗ್ತದೆ. ಇನ್ನೊಂದು, ಪ್ಯಾಕೇಜ್‌ಗೆ ಒಂದು ಗ್ಲಾಸ್‌ಗೆ ಇಷ್ಟೇ ಅಂತ ಮಿತಿ ಇರುತ್ತದೆ. ನಮ್ಮದರಲ್ಲಿ 14 ಡಾಲರ್. 17 ಡಾಲರ್‌ನ ವಿಸ್ಕಿ ಕೇಳಿದರೆ ಮೇಲಿನ 3 ಡಾಲರ್, ಅದಕ್ಕೂ 18%. ಬೇಕೇ ಬೇಕಾದರೆ ಮನೆಯಲ್ಲಿದ್ದಾಗಲೇ ಹಡಗಿನ ಆ್ಯಪ್‌ನಲ್ಲಿ ತಗೊಳ್ಳಿ, ಹತ್ತಿದ ಮೇಲಿನ ರೇಟಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಕುಡಿಯುವವರನ್ನು ಒಂದೇ ಕ್ಯಾಬಿನ್‌ಗೆ ಹಾಕಿಸಿ.

ವೈನ್ ಕಥೆ ಇನ್ನೂ ಹೊಟ್ಟೆ ಉರಿಸ್ತದೆ. ‘ಮನೆ ವೈನ್ ತಗೊಂಡು ಹೋಗಿ ಅಕ್ಕಾ, ಸೂಟ್‌ಕೇಸ್‌ನಲ್ಲಿ ಹಾಕಿ, ಯಾರೂ ಕೇಳಲ್ಲ’ ಅಂತ ಏಜೆಂಟ್ ಅಂದಿದ್ದರು. ಹತ್ತುವಾಗ ಸೂಟ್‌ಕೇಸ್ ಎಲ್ಲಾ ಎಕ್ಸ್‌ರೇ ಆಗಿಯೇ ಮೇಲೆ ಬರುವುದು. ಎಲ್ಲರ ಬ್ಯಾಗ್ ಕ್ಯಾಬಿನ್ ಬಾಗಿಲಿಗೆ ಬಂತು, ಒಂದು ಬರಲಿಲ್ಲ. ಸೆಕ್ಯುರಿಟಿ ರೂಮ್‌ಗೆ ಕರೆಸಿದರು. ಸಾಲಾಗಿ ಜನ ನಿಂತಿದ್ದರು, ಎಲ್ಲರ ಮುಂದೆ ಬ್ಯಾಗ್ ತೆರೆಸಿದರು. ಅತ್ತೆ ಹಾಕಿದ್ದ ನೆಲ್ಲಿಕಾಯಿ ವೈನ್, ಎರಡು ಬಾಟಲಿ. ಲೇಬಲ್ ಇಲ್ಲ, ಸೀಲ್ ಇಲ್ಲ. ತೆಗೆದುಕೊಂಡರು, ಕೊನೇ ದಿನವೂ ವಾಪಸ್ ಕೊಡಲಿಲ್ಲ. ಕೆಲವು ಕಂಪನಿಗಳು ಮೊದಲ ದಿನ ಒಬ್ಬ ದೊಡ್ಡವರಿಗೆ 750 ಎಂಎಲ್‌ನ ಸೀಲ್ ಆದ ಅಂಗಡಿ ವೈನ್ ಒಂದು ಬಾಟಲಿ ಬಿಡ್ತವೆ, ಅದೂ ಕೈಬ್ಯಾಗ್‌ನಲ್ಲಿ. ಊಟದ ಮೇಜಿನಲ್ಲಿ ತೆರೆದರೆ ಕಾರ್ಕೇಜ್ ಅಂತ ಬೇರೆ ದುಡ್ಡು. ಕೆಲವು ಕಂಪನಿಗಳು ಆ ಒಂದು ಬಾಟಲಿಯನ್ನೂ ಬಿಡಲ್ಲ. ಮನೆಯಲ್ಲಿ ಮಾಡಿದ್ದನ್ನು ತಗೊಂಡು ಹೋಗಲೇಬೇಡಿ. ಪಂದಿ ಉಪ್ಪಿನಕಾಯಿಯಂತೂ ಸಿಂಗಪುರದ ಏರ್‌ಪೋರ್ಟ್‌ನಲ್ಲೇ ತೊಂದರೆ. ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್ ಕೂಡ ಹಿಡಿದಿಡ್ತಾರೆ.

ಆ ಸ್ಟೇಕ್ ಫೋಟೋ ನೆನಪಿದೆಯಲ್ಲ? ಹತ್ತಿದ ದಿನ ಮಧ್ಯಾಹ್ನ ಲಿಫ್ಟ್ ಪಕ್ಕದಲ್ಲಿ ಟ್ಯಾಬ್ಲೆಟ್ ಹಿಡಿದ ಒಬ್ಬ ಹುಡುಗ ನಿಂತಿದ್ದ. ‘ಸ್ಪೆಷಾಲಿಟಿ ಡಿನ್ನರ್ ರಿಸರ್ವ್ ಮಾಡಲಾ?’ ಅಂದ. ಅವನ ಟ್ಯಾಬ್ಲೆಟ್‌ನಲ್ಲೂ ಅದೇ ಫೋಟೋ. ಪಿಡಿಎಫ್‌ನಲ್ಲಿ ಇದ್ದದ್ದು ಇದೇ, ನಮಗೆ ಸೇರಿದ್ದೇ ಅಂದುಕೊಂಡು ನಾಲ್ಕು ಜನರ ಹೆಸರು ಕೊಟ್ವಿ, ಪರದೆ ಮೇಲೆ ಬೆರಳಿನಲ್ಲಿ ಸಹಿ ಹಾಕಿದ್ವಿ. ತಲೆಗೆ 55 ಡಾಲರ್ ಕವರ್ ಚಾರ್ಜ್, ಮೇಲೆ 18%. ನಾಲ್ಕಕ್ಕೆ 259.60. ಬಾರ್ ಚೀಟಿ ನೋಡಿದ ಮೇಲೆ ಓಡಿಹೋಗಿ ಕ್ಯಾನ್ಸಲ್ ಮಾಡಿ ಅಂದರೆ, ನಾಳೆ ರಾತ್ರಿಯ ಬುಕಿಂಗ್, 24 ಗಂಟೆಗಿಂತ ಕಡಿಮೆ ಉಳಿದಿದೆ, ಬರದಿದ್ದರೂ ಚಾರ್ಜ್ ಆಗ್ತದೆ ಅಂದರು. ಹೋಗಿ ತಿಂದ್ವಿ. ಮಾಂಸ ಚೆನ್ನಾಗೇ ಇತ್ತು, ಗಂಟಲಲ್ಲಿ ಇಳಿಯಲಿಲ್ಲ.

ಮೈನ್ ಡೈನಿಂಗ್ ರೂಮ್‌ನ ಊಟಕ್ಕೆ ನಾನು ಕೊರತೆ ಹೇಳಲ್ಲ. ಸ್ಟಾರ್ಟರ್, ಮೇನ್, ಡೆಸರ್ಟ್, ಎರಡು ಸ್ಟಾರ್ಟರ್ ಕೇಳಿದರೂ ಕೊಡ್ತಾರೆ. ಮೆನುವಿನಲ್ಲಿ ಪಕ್ಕದಲ್ಲಿ ಡಾಲರ್ ಗುರುತು ಇರುವ ಲಾಬ್‌ಸ್ಟರ್, ದೊಡ್ಡ ಸ್ಟೇಕ್ ಮಾತ್ರ ಬೇರೆ ದುಡ್ಡು. ತೊಂದರೆ ಆದದ್ದು ಹೊತ್ತಿನದು. ಅಲ್ಲಿ ಎರಡು ಸರದಿ, ಸಂಜೆ 5:30 ಒಂದು, ರಾತ್ರಿ 8:00 ಇನ್ನೊಂದು. ಏಜೆಂಟ್ ನಮ್ಮನ್ನು ಕೇಳದೆ 5:30ಕ್ಕೆ ಹಾಕಿಸಿದ್ದರು. ನಮ್ಮಲ್ಲಿ ಆ ಹೊತ್ತಿಗೆ ಕಾಫಿ ಕುಡಿಯುತ್ತಾರೆ, ಊಟ ಯಾರು ಮಾಡ್ತಾರೆ? ಜೊತೆಗೆ ಎರಡು ಮನೆಯ ಬುಕಿಂಗ್ ನಂಬರ್ ಬೇರೆ ಬೇರೆ, ಒಂದಕ್ಕೊಂದು ಲಿಂಕ್ ಮಾಡಿಸಿರಲಿಲ್ಲ. ಹಾಗಾಗಿ ಮೂರು ಜನ ಒಂದು ಮೂಲೆ, ನಾಲ್ಕು ಜನ ಇನ್ನೊಂದು ಮೂಲೆ. ಇದಕ್ಕೆ ದಾರಿ ಉಂಟು. ಹತ್ತಿದ ದಿನ ಮಧ್ಯಾಹ್ನವೇ ಡೈನಿಂಗ್ ರೂಮ್ ಬಾಗಿಲಿಗೆ ಹೋಗಿ, ಎಲ್ಲಾ ಕ್ಯಾಬಿನ್ ನಂಬರ್ ಬರೆದ ಚೀಟಿ ಕೊಟ್ಟು, ಎರಡನೇ ಸರದಿ ಮತ್ತು ಒಂದೇ ಮೇಜು ಕೇಳಿ. ನಾವು ಎರಡನೇ ದಿನ ಹೋದ್ವಿ, ಅಷ್ಟರಲ್ಲಿ ಭರ್ತಿ.

ಸಸ್ಯಾಹಾರಿಗಳು ಮನೆಯಲ್ಲಿದ್ದರೆ ‘ವೆಜ್’ ಅಂತ ಮಾತ್ರ ಹೇಳಬೇಡಿ. ತರಕಾರಿ ಸೂಪ್ ಚಿಕನ್ ಸ್ಟಾಕ್‌ನಲ್ಲಿ ಆಗಿರಬಹುದು, ಥಾಯ್ ಅಡುಗೆಯಲ್ಲಿ ಮೀನಿನ ಸಾಸ್, ಮೂಸ್ ಅನ್ನುವ ಸಿಹಿಯಲ್ಲಿ ಪ್ರಾಣಿಯಿಂದ ಬರುವ ಜೆಲಟಿನ್. ಹೆಡ್ ವೇಟರ್‌ಗೆ ಹಿಂದಿನ ರಾತ್ರಿಯೇ ‘ಇಂಡಿಯನ್ ವೆಜಿಟೇರಿಯನ್’ ಅಂತ ಹೇಳಿದರೆ ಮಾರನೇ ದಿನ ಬೇಳೆ, ಪಲ್ಯ, ಅನ್ನ ಬೇರೆಯಾಗಿ ಬರುತ್ತದೆ. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಮಂಗಳೂರು ಕಡೆಯವನು. ನಾವು ಕನ್ನಡ ಮಾತಾಡುವುದು ಕೇಳಿ ಬಗ್ಗಿ ಮೆಲ್ಲಗೆ ಹೇಳಿದ, ‘ಅಕ್ಕಾ, ಕ್ಯಾಬಿನ್‌ನಲ್ಲಿ ಟಿವಿ ಹತ್ರ ಇಟ್ಟಿರುವ ನೀರಿನ ಬಾಟಲಿ ತೆರೀಬೇಡಿ, ಅದಕ್ಕೆ ದುಡ್ಡು. ಖಾಲಿ ಬಾಟಲಿ ತನ್ನಿ, ಬಫೆಯಲ್ಲಿ ತುಂಬಿಸಿಕೊಳ್ಳಿ.’ 92,000 ತಗೊಂಡವರು ಹೇಳದ ಮಾತನ್ನು ಅವನು ಹೇಳಿದ.

ಅದಕ್ಕೇ ಗ್ರಾಚ್ಯುಟಿ ವಿಷಯದಲ್ಲಿ ಏಜೆಂಟ್ ಕೊಟ್ಟ ಸಲಹೆ ಕೇಳಿ ಮೈ ಉರಿಯಿತು. ಬಾರ್ ಚೀಟಿಯ 18% ಬೇರೆ, ಇದು ಬೇರೆ. ದಿನಕ್ಕೆ ತಲೆಗೆ 18 ಡಾಲರ್, ಹತ್ತು ವರ್ಷದ ಮಗುವಿಗೂ ಅಷ್ಟೇ. ಏಳು ಜನ, ನಾಲ್ಕು ರಾತ್ರಿ, 504 ಡಾಲರ್. ‘ಅಕ್ಕಾ, ಕೌಂಟರ್‌ಗೆ ಹೋಗಿ ತೆಗೆಸಿಬಿಡಿ, ಕೊಡಲೇಬೇಕು ಅಂತ ಇಲ್ಲ’ ಅಂದರು. ತೆಗೆಸಬಹುದು, ಎಷ್ಟೋ ಹಡಗಿನಲ್ಲಿ ತೆಗೆಯುತ್ತಾರೆ. ಆದರೆ ಅದು ಬಡಿಸುವ, ಹಾಸಿಗೆ ಸರಿಮಾಡುವ ಹುಡುಗರಿಗೆ ಹಂಚುವ ದುಡ್ಡು. ತಿಂಗಳುಗಟ್ಟಲೆ ಕಾಂಟ್ರಾಕ್ಟ್‌ನಲ್ಲಿ, ವಾರದ ಏಳೂ ದಿನ ಕೆಲಸ ಮಾಡುವವರು. ತಾನು ಕಟ್ಟಿದ್ದೇನೆ ಅಂತ ಸುಳ್ಳು ಹೇಳಿ, ಸಿಕ್ಕಿಬಿದ್ದ ಮೇಲೆ ಅವರ ಹೊಟ್ಟೆ ಮೇಲೆ ಹೊಡೆಯಿರಿ ಅನ್ನುವುದಾ? ನಾವು ತೆಗೆಸಲಿಲ್ಲ.

ಉಳಿದದ್ದು ಚಿಲ್ಲರೆ. ಮಗುವಿನ ಸಾಫ್ಟ್ ಡ್ರಿಂಕ್ ಪ್ಯಾಕೇಜ್ 61.36. ರಾತ್ರಿ ಬಫೆ ಮುಚ್ಚಿದ ಮೇಲೆ ಎರಡು ಸಲ ರೂಮ್ ಸರ್ವಿಸ್, ಒಂದು ಆರ್ಡರ್‌ಗೆ 7.95. ಮೊದಲ ದಿನ ಕಾರ್ಡ್ ಕೊಡುವಾಗ ಡೆಬಿಟ್ ಕಾರ್ಡ್ ಕೊಡಬೇಡಿ. ಹಡಗಿನವರು ಖರ್ಚಿನ ಅಂದಾಜಿಗೆ ದುಡ್ಡು ಹೋಲ್ಡ್ ಮಾಡ್ತಾರೆ, ನಿಮ್ಮದೇ ಅಕೌಂಟ್‌ನ ದುಡ್ಡು ನೀವು ಮನೆಗೆ ಬಂದ ಮೇಲೂ ದಿನಗಟ್ಟಲೆ ಕೈಗೆ ಸಿಗಲ್ಲ. ಬಿಲ್ಲನ್ನು ದಿನಾ ರಾತ್ರಿ ಆ್ಯಪ್‌ನಲ್ಲೋ ಕ್ಯಾಬಿನ್ ಟಿವಿಯಲ್ಲೋ ನೋಡಿ. ತಪ್ಪಿದ್ದರೆ ಆಗಲೇ ಕೌಂಟರ್‌ಗೆ ಹೋಗಿ. ಕೊನೇ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗ ಇರಲ್ಲ, ಇಳಿದ ಮೇಲೆ ಕೇಳುವವರು ಇಲ್ಲ.

ಊರಿಗೆ ಬಂದು ಏಜೆಂಟ್ ಆಫೀಸಿಗೆ ಹೋದೆ. ‘ಕೊನೇ ಪುಟದಲ್ಲಿ ಬರೆದಿದೆಯಲ್ಲ ಅಕ್ಕಾ, ನೀವು ಸೈನ್ ಮಾಡಿದ್ದೀರಿ.’ ಕೂರಿ ಅಂತ ಕೂಡ ಹೇಳಲಿಲ್ಲ. ಗ್ರಾಚ್ಯುಟಿ 504 ಡಾಲರ್ ಆದರೂ ವಾಪಸ್ ಕೊಡಿ, ಅದನ್ನು ಕಟ್ಟಿದ್ದೇನೆ ಅಂತ ನಿಮ್ಮ ಬಾಯಿಂದಲೇ ಬಂದಿದೆ ಅಂದೆ. ‘ಮುಂದಿನ ಟ್ರಿಪ್‌ನಲ್ಲಿ ಡಿಸ್ಕೌಂಟ್ ಮಾಡ್ತೇನೆ’ ಅಂದರು. ವಾಯ್ಸ್ ಮೆಸೇಜ್, ಪಿಡಿಎಫ್, ಹಡಗಿನವರು ಕೊಟ್ಟ ಪ್ರಿಂಟ್ ಎಲ್ಲಾ ಸೇರಿಸಿ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇವೆ.

ಈಗ ದಸರಾ ರಜೆಗೆ ಇನ್ನೊಂದು ಗುಂಪು ಹೊರಡಿಸ್ತಿದ್ದಾರೆ. ಅದೇ ಪೋಸ್ಟರ್, ಅದೇ ಸ್ಟೇಕ್ ಫೋಟೋ, ತಲೆಗೆ 25,000 ಅಡ್ವಾನ್ಸ್. ಕೊಟ್ಟಾಗಿದ್ದರೆ ಇವತ್ತೇ ಹಡಗಿನ ಕಂಪನಿಯ ಬುಕಿಂಗ್ ನಂಬರ್ ಕೇಳಿ, ಏಜೆಂಟ್‌ನ ರಸೀದಿ ನಂಬರ್ ಅಲ್ಲ. ಅದನ್ನು ಕಂಪನಿಯ ಆ್ಯಪ್‌ಗೆ ಹಾಕಿದರೆ ನಿಮ್ಮ ಹೆಸರಲ್ಲಿ ಏನು ಕಟ್ಟಿದೆ, ಏನು ಕಟ್ಟಿಲ್ಲ ಅಂತ ಸಾಮಾನ್ಯವಾಗಿ ನೀವೇ ನೋಡಬಹುದು. ನಂಬರ್ ಕೊಡಲು ‘ಆಮೇಲೆ ಕೊಡ್ತೇನೆ’ ಅಂದರೆ ಉಳಿದ ದುಡ್ಡು ಕಟ್ಟಬೇಡಿ.