ಹಳೆಯ ವುಡ್ಸ್‌ಮನ್ ಕೊಳ್ಳುವ ಮುನ್ನ ಅದರ ಹಿಂಬದಿಯನ್ನು ನೋಡಿ

ಹೋದ ವಾರ ಇಲ್ಲೇ ಓಹಾಯೋದಲ್ಲಿರುವ ಗೆಳೆಯರೊಬ್ಬರು ತಾವು ಕೊಳ್ಳಲು ಹೊರಟಿರುವ ಕೋಲ್ಟ್ ವುಡ್ಸ್‌ಮನ್ ಪಿಸ್ತೂಲಿನ ಚಿತ್ರಗಳನ್ನು ಕಳುಹಿಸಿ ಅಭಿಪ್ರಾಯ ಕೇಳಿದರು. ಎಡಬದಿಯದು, ಬಲಬದಿಯದು, ನಳಿಗೆಯ ಮೇಲಿನ ಅಕ್ಷರಗಳದ್ದು ಎಲ್ಲವೂ ಇದ್ದವು. ಹಿಂಬದಿಯದು ಮಾತ್ರ ಇರಲಿಲ್ಲ. ನಾಲ್ಕು ವರ್ಷಗಳ ಹಿಂದೆ ನಾನು ಕೊಂಡಾಗಲೂ ಅದೊಂದೇ ಚಿತ್ರ ಇರಲಿಲ್ಲ, ನಾನು ಕೇಳಲೂ ಇಲ್ಲ. ನನ್ನ ಕೆನ್ನೆಯ ಮೇಲೆ ಇನ್ನೂ ಇರುವ ಸಣ್ಣ ಕಲೆ ಆ ತಪ್ಪಿನದು.

.22ರ, ಅಂದರೆ 0.22 ಅಂಗುಲ ಅಳತೆಯ ಸಣ್ಣ ಗುಂಡಿನ ನಂಟು ನನಗೆ ಎನ್‌ಸಿಸಿ ಶಿಬಿರದಲ್ಲಿ ಶುರುವಾಯಿತು. ಹಾಸನದಲ್ಲಿ ಓದುವಾಗ ಮಣ್ಣಿನ ಮೇಲೆ ಮಲಗಿ ಹಾರಿಸಿದ ಐದು ಗುಂಡುಗಳನ್ನು ಮರೆತಿಲ್ಲ. ಇಲ್ಲಿ ಪೌರತ್ವ ಸಿಕ್ಕ ಮೇಲೆ ಬುಲ್ಸ್‌ಐ ಅಭ್ಯಾಸಕ್ಕೆ ಸೇರಿದೆ. ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 50 ಗಜ, 25 ಗಜ ದೂರದ ಗುರಿಗೆ ಹೊಡೆಯುವ ಸ್ಪರ್ಧೆ ಅದು. (ಎಚ್-1ಬಿಯಂತಹ ವೀಸಾದಲ್ಲಿ ಇರುವವರು ಇಲ್ಲೇ ನಿಲ್ಲಿ. ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ನಿಮಗೆ ಇಲ್ಲಿ ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ವಕೀಲರನ್ನು ಕೇಳದೆ ಕೈ ಹಾಕಬೇಡಿ.)

ಅದೇ .22 ಹಾರಿಸುವ ವುಡ್ಸ್‌ಮನ್ ಮೇಲೆ ನನಗೆ ಮೋಹ. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಅವರ ವಿನ್ಯಾಸ. 1915ರಲ್ಲಿ ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲಿ ತಯಾರಿಕೆ ಆರಂಭವಾಯಿತು, 1927ರಲ್ಲಿ ಈ ಹೆಸರು ಬಂತು, 1977ರವರೆಗೂ ನಡೆಯಿತು. ತೆಳ್ಳನೆಯ ನಳಿಗೆ, ಗೆರೆ ಕೊರೆದ ವಾಲ್‌ನಟ್ ಹಿಡಿ, ಅಂಗೈಯಲ್ಲಿ ಕುಳಿತರೆ ಕದಲದು. ನನಗೆ ಸಿಕ್ಕಿದ್ದು ನೀಲಿ ಬಣ್ಣ ಬಹುಮಟ್ಟಿಗೆ ಉಳಿದಿದ್ದ ಪಿಸ್ತೂಲು. ಬೇರೆ ರಾಜ್ಯದವರಿಂದ ಕೊಂಡದ್ದರಿಂದ ಅದು ಪರವಾನಗಿ ಇರುವ ಅಂಗಡಿಯ ಮೂಲಕವೇ ಕೈಗೆ ಬರಬೇಕಿತ್ತು. ಕೊಳ್ಳುವವರು ತುಂಬಬೇಕಾದ ಸರ್ಕಾರಿ ನಮೂನೆ ಫಾರ್ಮ್ 4473 ತುಂಬಿದೆ, ಹಿನ್ನೆಲೆ ಪರಿಶೀಲನೆ ಆಯಿತು. ಅಷ್ಟಕ್ಕೆ ಎಲ್ಲವೂ ಸರಿಯಿದೆ ಎಂದು ನಂಬಿಬಿಟ್ಟೆ. ಆ ಪರಿಶೀಲನೆ ಕೊಳ್ಳುವವನ ಬಗ್ಗೆ, ಪಿಸ್ತೂಲಿನ ಬಗ್ಗೆ ಅಲ್ಲ. ಅಂಗಡಿಯವರು ಅದರ ಸಂಖ್ಯೆಯನ್ನು ಬರೆದುಕೊಂಡರೇ ಹೊರತು ಒಳಗೆ ಇಣುಕಿ ನೋಡಲಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಈ ಪಿಸ್ತೂಲು ಹುಟ್ಟಿದಾಗ ಇಂದಿನ ಹೈ ವೆಲಾಸಿಟಿ (ಹೆಚ್ಚು ವೇಗದ) ಕಾಡತೂಸು ಇರಲಿಲ್ಲ. ರೆಮಿಂಗ್ಟನ್ ಕಂಪನಿಯ ಅಂತಹ ಕಾಡತೂಸು, ಹೈ-ಸ್ಪೀಡ್, ಬಂದದ್ದು 1930ರಲ್ಲಿ. ಅದಕ್ಕೆ ಹೊಂದುವಂತೆ ಕೋಲ್ಟ್ ಕಂಪನಿ 1932ರಲ್ಲಿ ಮೇನ್‌ಸ್ಪ್ರಿಂಗ್ ಹೌಸಿಂಗ್ ಅನ್ನು, ಅಂದರೆ ಒಳಗಿನ ಮುಖ್ಯ ಸ್ಪ್ರಿಂಗನ್ನು ಹಿಡಿದಿಡುವ ಭಾಗವನ್ನು ಬದಲಿಸಿತು. ಹಿಡಿಯ ಹಿಂಭಾಗದಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ತೊಗಲು ಒತ್ತಿಕೊಳ್ಳುವ ಜಾಗದಲ್ಲಿ ಈ ಭಾಗ ಕಾಣುತ್ತದೆ. ಅಲ್ಲಿ ಚೌಕಳಿ ಗೆರೆಗಳಿದ್ದರೆ ಹಳೆಯದು, ಸ್ಟ್ಯಾಂಡರ್ಡ್ ವೆಲಾಸಿಟಿಗೆ (ಸಾಧಾರಣ ವೇಗದ ಕಾಡತೂಸಿಗೆ) ಮಾತ್ರ. ಅಡ್ಡಗೆರೆಗಳಿದ್ದರೆ ಹೊಸದು. ಬದಲಾವಣೆ ಆದದ್ದು ಸರಣಿ ಸಂಖ್ಯೆ 83,790ರ ಆಸುಪಾಸಿನಲ್ಲಿ. ಆದರೂ ಸಂಖ್ಯೆಯೊಂದನ್ನೇ ನಂಬಬೇಡಿ. ಇಷ್ಟು ವರ್ಷಗಳಲ್ಲಿ ಬಿಡಿಭಾಗಗಳು ಅದಲು ಬದಲಾಗಿರಬಹುದು, ಗೆರೆಗಳನ್ನು ಕಣ್ಣಾರೆ ನೋಡಿ. ನನ್ನದರಲ್ಲಿ ಇದ್ದದ್ದು ಚೌಕಳಿ ಗೆರೆಗಳು, ನಾನು ನೋಡಿರಲಿಲ್ಲ.

ಅದೇ 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ ಗುಂಡು ಸ್ಟ್ಯಾಂಡರ್ಡ್‌ನಲ್ಲಿ ಸೆಕೆಂಡಿಗೆ ಸುಮಾರು 1,070 ಅಡಿ ಹೋದರೆ, ಹೈ ವೆಲಾಸಿಟಿಯಲ್ಲಿ ಸುಮಾರು 1,235 ಅಡಿ ಹೋಗುತ್ತದೆ. ಕೇಳಲು ಅಲ್ಪ ವ್ಯತ್ಯಾಸ. ಗುಂಡಿನ ಶಕ್ತಿಯ ಲೆಕ್ಕ ಹಾಕಿದರೆ ಮೂರನೇ ಒಂದು ಪಾಲು ಹೆಚ್ಚು. ಮಾರಿದವರು "ಯಾವ .22 ಹಾಕಿದರೂ ನಡೆಯುತ್ತದೆ" ಎಂದು ಬರೆದಿದ್ದರು. ಮನೆಯಲ್ಲಿದ್ದ ಹೈ ವೆಲಾಸಿಟಿ ಡಬ್ಬಿಯನ್ನೇ ತೆಗೆದುಕೊಂಡು ಹೋದೆ.

ಮೊದಲೆರಡು ಮ್ಯಾಗಜಿನ್ ಚೆನ್ನಾಗಿಯೇ ಹೋದವು. ಕೆಲವು ಖಾಲಿ ಕೋಶಗಳು ನಳಿಗೆಯ ಬುಡದಲ್ಲಿ ಅಂಟಿಕೊಂಡವು, ಉಗುರಿನಿಂದ ಎಬ್ಬಿಸಿ ತೆಗೆದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಮೂರನೆಯದರ ನಾಲ್ಕನೇ ಗುಂಡಿಗೆ ಸದ್ದೇ ಬೇರೆಯಾಗಿತ್ತು, ತಗಡು ಹರಿದ ಹಾಗೆ. ಮುಖಕ್ಕೆ ಬಿಸಿ ಗಾಳಿ ಬಡಿಯಿತು. ಕನ್ನಡಕದ ಕೆಳಗೆ, ಕೆನ್ನೆಯ ಮೂಳೆಯ ಮೇಲೆ ಕಡಜ ಕಚ್ಚಿದ ಉರಿ. ಪಕ್ಕದ ಸಾಲಿನ ಹಿರಿಯರು ನನ್ನ ಕೈಯನ್ನು ಗುರಿಯ ಕಡೆಗೇ ಹಿಡಿದು ಪಿಸ್ತೂಲನ್ನು ಕೆಳಗಿಡಿಸಿದರು. ಖಾಲಿ ಕೋಶವನ್ನು ಎಳೆದು ತೆಗೆಯುವ ಕೊಕ್ಕೆ, ಎಕ್ಸ್‌ಟ್ರಾಕ್ಟರ್, ಹಾರಿಹೋಗಿತ್ತು, ಬಲಬದಿಯ ವಾಲ್‌ನಟ್ ಹಿಡಿ ಸೀಳಿತ್ತು. ಆಸ್ಪತ್ರೆಯಲ್ಲಿ ವೈದ್ಯೆ ಚಿಮುಟದಿಂದ ತೆಗೆದ ಹಿತ್ತಾಳೆಯ ಚೂರು ಅರ್ಧ ಸಾಸಿವೆ ಕಾಳಿನಷ್ಟಿತ್ತು. ರಕ್ಷಣಾ ಕನ್ನಡಕ ಇಲ್ಲದಿದ್ದರೆ ಅದು ಎರಡು ಅಂಗುಲ ಮೇಲೆ ಹೋಗಿದ್ದರೆ ತಡೆಯುವುದು ಏನೂ ಇರಲಿಲ್ಲ. ಆ ರಾತ್ರಿ ಹೆಂಡತಿ ಏನೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಬಂದೂಕು ದುರಸ್ತಿ ಮಾಡುವವರು ಬಿಚ್ಚಿ ತೋರಿಸಿದಾಗ ಇನ್ನೊಂದು ರೋಗವೂ ಕಂಡಿತು. ಕಾಡತೂಸು ಕೂರುವ ಬಾಯಿಯ ಅಂಚಿನಲ್ಲಿ, ಮೇಣದ ಮೇಲೆ ಉಗುರು ಒತ್ತಿದಂತಹ ತಗ್ಗು. .22ರಂತಹ ರಿಮ್‌ಫೈರ್ ಕಾಡತೂಸಿನ ಸಿಡಿಮದ್ದು ಅದರ ಅಂಚಿನಲ್ಲಿರುವುದರಿಂದ ಅದನ್ನು ಸಿಡಿಸುವ ಪಿನ್ ಅಂಚಿಗೇ ಬಡಿಯುತ್ತದೆ. ಕಾಡತೂಸು ಇಲ್ಲದೆ ಬರಿದೇ ಟ್ರಿಗರ್ ಎಳೆದರೆ ಆ ಏಟು ನಳಿಗೆಯ ಉಕ್ಕಿನ ಮೇಲೆ ಬೀಳಬಹುದು. ಹಿಂದಿನ ಯಾರೋ ವರ್ಷಗಟ್ಟಲೆ ಹಾಗೆ ಎಳೆದಿರಬೇಕು. ಕೋಶಗಳು ಅಂಟಿಕೊಳ್ಳುತ್ತಿದ್ದದ್ದು ಅದರಿಂದ ಎಂದರು. ಸಿಡಿಯಲು ಆ ತಗ್ಗು ಎಷ್ಟು ಕಾರಣ, ನನ್ನ ಡಬ್ಬಿ ಎಷ್ಟು ಕಾರಣ ಎಂದು ಬಿಡಿಸಿ ಹೇಳಲು ಅವರಿಗೂ ಆಗಲಿಲ್ಲ. ಬಾಯಿಯ ಒಳಗೆ ಟಾರ್ಚ್ ಬಿಟ್ಟು ನೋಡಲು ಅರ್ಧ ನಿಮಿಷ ಸಾಕು. ದೂರದಿಂದ ಕೊಳ್ಳುವುದಾದರೆ ಆ ಚಿತ್ರವನ್ನೂ ಕೇಳಿ, ಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಮಾರಿದವರಿಗೆ ಬರೆದೆ. "ಇದ್ದ ಹಾಗೆ ಮಾರಿದ್ದು, ಹಿಂದಕ್ಕೆ ಪಡೆಯುವುದಿಲ್ಲ" ಎಂಬ ಒಂದು ಸಾಲಿನ ಉತ್ತರ ಬಂತು. ತೊಂಬತ್ತು ವರ್ಷ ಬಾಳಿದ ಪಿಸ್ತೂಲನ್ನು ಒಂದು ಮಧ್ಯಾಹ್ನದಲ್ಲಿ ನನ್ನ ಕೈಯಾರೆ ಕೆಡಿಸಿದೆನಲ್ಲ ಎಂಬುದು ಹಣ ಹೋದದ್ದಕ್ಕಿಂತ ಹೆಚ್ಚು ನೋಯಿಸುತ್ತದೆ. ಈಗ ಅದರಿಂದ ಗುಂಡು ಹಾರಿಸುವುದಿಲ್ಲ. ನನ್ನ ನಂತರ ಯಾರ ಕೈಗೆ ಹೋದರೂ ತಿಳಿಯಲೆಂದು, ಟ್ರಿಗರ್ ಸುತ್ತಲಿನ ಬಳೆಗೆ ಏನಾಯಿತೆಂದು ಬರೆದ ಚೀಟಿ ಕಟ್ಟಿ ಕಪಾಟಿನಲ್ಲಿ ಬೀಗ ಹಾಕಿಟ್ಟಿದ್ದೇನೆ.

ಗೆಳೆಯರಿಗೆ ಹಿಂಬದಿಯ ಚಿತ್ರ ತರಿಸಿಕೊಳ್ಳಲು ಹೇಳಿದ್ದೇನೆ. ಆರು ದಿನವಾಯಿತು, ಮಾರುವವರು ಇನ್ನೂ ಕಳುಹಿಸಿಲ್ಲ.